ಎತ್ತು ಎಳೆದಷ್ಟೇ ಚಕ್ಕಡಿಯೂ ಹಿಂದಕ್ಕೆ ಎಳೆದರೆ, ಮುಂದೆ ಸಾಗೋದು ಹೇಗೆ?

ನ್ಯೂಟನ್‌ನ ಮೂರನೇ ನಿಯಮದಂತೆ ಎರಡೂ ಬಲ ಸಮ, ದಿಕ್ಕು ವಿರುದ್ಧ, ಹಾಗಾದರೆ ವಜಾ ಆಗಿ ಚಕ್ಕಡಿ ನಿಂತಲ್ಲೇ ನಿಲ್ಲಬೇಕಲ್ಲ ಅಂತ ಕೇಳಿದ್ದೀರಿ. ವಜಾ ಆಗುವುದಿಲ್ಲ. ಒಂದು ಬಲ ಬೀಳುವುದು ಚಕ್ಕಡಿಯ ಮೇಲೆ, ಇನ್ನೊಂದು ಎತ್ತುಗಳ ಮೇಲೆ. ನಿಮ್ಮ ಖಾತೆಯ ಜಮೆಯಲ್ಲಿ ನನ್ನ ಖಾತೆಯ ಖರ್ಚು ಕಳೆಯಲು ಬರುತ್ತದೆಯೇ? (1687ರಲ್ಲಿ ಈ ನಿಯಮ ಪ್ರಕಟಿಸಿದಾಗಲೇ ನ್ಯೂಟನ್, ಹಗ್ಗ ಕಟ್ಟಿದ ಕಲ್ಲನ್ನು ಕುದುರೆ ಎಳೆಯುವ ಉದಾಹರಣೆ ಕೊಟ್ಟಿದ್ದ.)

ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹೇರಿದ ಟಾಯರ್ ಚಕ್ಕಡಿ ಅಂತಿಟ್ಟುಕೊಳ್ಳಿ. ಚಕ್ಕಡಿ, ಚೀಲ ಸೇರಿ 1200 ಕಿಲೋ. ಜೋಡಿ ಎತ್ತು 800 ಕಿಲೋ. ಡಾಂಬರಿನ ಮೇಲೆ ಗಾಲಿಯ ತಡೆ ತೂಕದ ಶೇ. 2 ಎಂದರೆ, ಸುಮಾರು 240 ನ್ಯೂಟನ್ (ನ್ಯೂಟನ್ ಎಂದರೆ ಬಲದ ಅಳತೆ; ಒಂದು ಕಿಲೋದ ತೂಕ ಸುಮಾರು 10 ನ್ಯೂಟನ್). ಹೊರಡುವಾಗ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 0.2 ಮೀಟರ್ ಇರಲಿ. ಆಗ ನೊಗ ಚಕ್ಕಡಿಯನ್ನು 240 + 1200 × 0.2 = 480 ನ್ಯೂಟನ್‌ನಿಂದ ಎಳೆಯಬೇಕು. ಚಕ್ಕಡಿಯೂ ಎತ್ತುಗಳನ್ನು ಹಿಂದಕ್ಕೆ ಅದೇ 480ರಿಂದ ಜಗ್ಗುತ್ತದೆ. ಆದರೆ ಗೊರಸು ನೆಲವನ್ನು ಹಿಂದಕ್ಕೆ ಒತ್ತಿದಾಗ ನೆಲ ಎತ್ತುಗಳನ್ನು ಮುಂದಕ್ಕೆ 640ರಿಂದ ಒತ್ತುತ್ತದೆ. ಉಳಿಯುವ 160 ನ್ಯೂಟನ್ 800 ಕಿಲೋದ ಎತ್ತುಗಳಿಗೆ ಅದೇ 0.2 ಕೊಡುತ್ತದೆ. ಇಷ್ಟೇ ಗುಟ್ಟು: ನಿಮ್ಮ ಲೆಕ್ಕದಲ್ಲಿ ನೆಲವೇ ಬಿಟ್ಟುಹೋಗಿತ್ತು.

ಚಿತ್ರ ಬರೆಯುವಾಗ ಎತ್ತು ಬೇರೆ, ಚಕ್ಕಡಿ ಬೇರೆ ಬರೆದು, ಅದರದರ ಮೇಲೆ ಬೀಳುವ ಬಲಗಳ ಬಾಣ ಮಾತ್ರ ಹಾಕಿ. ಒಂದೇ ಚಿತ್ರದಲ್ಲಿ ಎಲ್ಲ ಬಾಣ ತುರುಕಿದರೆ ಗೊಂದಲ ಖಾತ್ರಿ. ಇನ್ನೊಂದು ಸಾಮಾನ್ಯ ತಪ್ಪು: ಚಕ್ಕಡಿ ಒಂದೇ ವೇಗದಲ್ಲಿ ಸಾಗುವಾಗ ಎಳೆತ ತಡೆಗಿಂತ ಹೆಚ್ಚಿರಬೇಕು ಅಂದುಕೊಳ್ಳುವುದು. ಬೇಕಿಲ್ಲ; ಆಗ ಎಲ್ಲವೂ 240ಕ್ಕೆ ಇಳಿಯುತ್ತದೆ.

ನಂಬಿಕೆ ಬರದಿದ್ದರೆ ಎರಡು ಸ್ಪ್ರಿಂಗ್ ತಕ್ಕಡಿಗಳ ಕೊಕ್ಕೆ ಒಂದಕ್ಕೊಂದು ಸಿಕ್ಕಿಸಿ ಜಗ್ಗಿ; ಯಾರು ಜೋರಾಗಿ ಎಳೆದರೂ ಎರಡೂ ಒಂದೇ ಅಂಕಿ ತೋರಿಸುತ್ತವೆ. ತಕ್ಕಡಿಯನ್ನು ಅಡ್ಡ ಮಲಗಿಸಿಯೇ ಸೊನ್ನೆಗೆ ಹೊಂದಿಸಿ. ತೂಗುಹಾಕಿ ಹೊಂದಿಸಿದರೆ ಕೊಕ್ಕೆಯ ತೂಕದಷ್ಟು ತಪ್ಪು ಬರುತ್ತದೆ.

ಮಳೆ ಬಿದ್ದ ಗದಗಿನ ಎರೆಹೊಲದಲ್ಲಿ ಇದೇ ಚಕ್ಕಡಿ ಹೂತರೆ ಪೆಟ್ಟು ಎರಡು ಕಡೆಯಿಂದ. ತಡೆ ತೂಕದ ಶೇ. 15ಕ್ಕೇರಿದರೂ ಸಾಕು, 1800 ನ್ಯೂಟನ್. ಎತ್ತು ದಿನವಿಡೀ ಎಳೆಯಬಲ್ಲದ್ದು ತನ್ನ ತೂಕದ ಹತ್ತನೇ ಒಂದು ಭಾಗದಷ್ಟು, ಜೋಡಿಗೆ ಸುಮಾರು 800 ನ್ಯೂಟನ್. ಕ್ಷಣಮಾತ್ರ ಅದಕ್ಕಿಂತ ಹೆಚ್ಚು ಜಗ್ಗಬಲ್ಲವು, ಆದರೆ ಕೆಸರಲ್ಲಿ ಗೊರಸಿಗೂ ಹಿಡಿತವಿಲ್ಲ, ಬಾರುಕೋಲು ಬೀಸಿ ಫಲವಿಲ್ಲ. ಮೊದಲು ಚೀಲಗಳಲ್ಲಿ ಅರ್ಧದಷ್ಟನ್ನು ಇಳಿಸಿ. ಆಮೇಲೆ ಹತ್ತಿಕಟ್ಟಿಗೆ ಹಾಸುವಾಗ ಗಾಲಿಯ ಮುಂದೆ ಮಾತ್ರವಲ್ಲ, ಎತ್ತುಗಳ ಕಾಲಡಿಗೂ ಹಾಸಿ. ಟ್ರ್ಯಾಕ್ಟರಿನಲ್ಲಿ ನೆಲವನ್ನು ಒದೆಯುವುದು ಹಿಂದಿನ ಗಾಲಿ, ಚಕ್ಕಡಿಯಲ್ಲಿ ಗೊರಸು.