ಪೋಸ್ಟರ್ ಹಚ್ಚಿದೆವು, ಮೇಲ್ ಕಳಿಸಿದೆವು, ಇ-ಜರ್ನಲ್ ತೆರೆಯುವವರೇ ಇಲ್ಲ

ಪ್ರಶ್ನೆ: ಮೇಡಂ, ನಾನು ಉತ್ತರ ಕರ್ನಾಟಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸಹಾಯಕ ಗ್ರಂಥಪಾಲಕಿ. ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಎಂಬ, ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಕೇಂದ್ರವೇ ಸಂಶೋಧನಾ ನಿಯತಕಾಲಿಕಗಳ ಚಂದಾ ಕಟ್ಟುವ ಯೋಜನೆ ಬಂದ ಮೇಲೆ ನಮಗೂ ಸಾವಿರಾರು ಜರ್ನಲ್ ಸಿಕ್ಕಿವೆ. ಪೋಸ್ಟರ್ ಹಚ್ಚಿದೆವು, ಎಲ್ಲರಿಗೂ ಮೇಲ್ ಹಾಕಿದೆವು, ಹೊಸಬರಿಗೆ ಓರಿಯೆಂಟೇಷನ್ ಮಾಡಿದೆವು. ಬಳಕೆ ಮಾತ್ರ ಏರುತ್ತಿಲ್ಲ. ಪ್ರಾಧ್ಯಾಪಕರೂ ಬೇರೆ ಊರಿನ ಗೆಳೆಯರಿಂದ ಪಿಡಿಎಫ್ ತರಿಸಿಕೊಳ್ಳುತ್ತಾರೆ. ಇನ್ನೇನು ಮಾಡಲಿ?

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. 2025ರ ಜನವರಿಯಲ್ಲಿ ಶುರುವಾದ ಈ ಯೋಜನೆಗೆ ಕೇಂದ್ರ ಸರ್ಕಾರ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. ಅಷ್ಟೊಂದು ಓದು ಮುಚ್ಚಿಕೊಂಡೇ ಬಿದ್ದಿದ್ದರೆ ಸಂಕಟ ಆಗುತ್ತದೆ, ಅಲ್ವಾ?

ಆದರೆ ಮುಂದಿನ ಪೋಸ್ಟರ್‌ಗೆ ಮುಂಚೆ ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಮನೆಯಲ್ಲಿ ಕೂತು, ನಿಮ್ಮ ಮೊಬೈಲ್‌ನಲ್ಲೇ ಗೂಗಲ್ ಮಾಡಿ ಒಂದು ಲೇಖನ ತೆರೆಯಿರಿ. ‘ಹಣ ಕಟ್ಟಿ’ ಅನ್ನುವ ಪುಟ ಬಂತಾ? ನಿಮ್ಮ ವಿದ್ಯಾರ್ಥಿಗೂ ಅದೇ ಬರುತ್ತದೆ. ಅವನು ಹಿಂದಕ್ಕೆ ಹೋಗಿಬಿಡುತ್ತಾನೆ. ಆ ಲೇಖನ ತನಗೆ ಪುಕ್ಕಟೆ ಸಿಗುತ್ತದೆ ಎಂದು ಅವನಿಗೆ ಗೊತ್ತೇ ಆಗುವುದಿಲ್ಲ. ಕ್ಯಾಂಪಸ್ ನೆಟ್‌ವರ್ಕ್‌ನಲ್ಲಿದ್ದರೆ ಪ್ರಕಾಶಕರ ವೆಬ್‌ಸೈಟ್ ಐಪಿ ವಿಳಾಸ (ನೆಟ್‌ವರ್ಕ್‌ನ ಗುರುತು ಸಂಖ್ಯೆ) ನೋಡಿ ತಾನೇ ತೆರೆದುಕೊಳ್ಳುತ್ತದೆ. ಊರಿನಿಂದ, ಬಾಡಿಗೆ ರೂಮಿನಿಂದ ಓದುವವರಿಗೆ ವಿಶ್ವವಿದ್ಯಾಲಯಗಳ ಗ್ರಂಥಾಲಯ ಜಾಲ ಕೇಂದ್ರವಾದ ಇನ್‌ಫ್ಲಿಬ್‌ನೆಟ್‌ನ ‘ಇನ್‌ಫೆಡ್’ ಥರದ ಲಾಗಿನ್ ಬೇಕು. ಆ ಲಾಗಿನ್ ನಿಮ್ಮಲ್ಲಿ ಎಷ್ಟು ಜನರ ಕೈಯಲ್ಲಿದೆ? ಲೈಬ್ರರಿ ಕಾರ್ಡ್ ಕೊಡುವ ದಿನವೇ ಅದನ್ನೂ ಕೊಡಿ. ಕೌಂಟರ್ ಮುಂದೆಯೇ ಒಂದು ಸಲ ಲಾಗಿನ್ ಮಾಡಿಸಿ ಕಳಿಸಿ.

ನಾನು ಹಿಂದೆ ದುಡಿದ ಒಂದು ಲೈಬ್ರರಿಯಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಪ್ರಚಾರ ಮಾಡಿದ್ದೆವು. ಕೊನೆಗೆ ಒಬ್ಬ ಹುಡುಗಿ ಬಂದು, ‘ಮೇಡಂ, ಪಾಸ್‌ವರ್ಡ್ ಯಾರ ಹತ್ರ ಕೇಳಬೇಕು?’ ಅಂದಳು. ನಮ್ಮ ಯಾವ ಪೋಸ್ಟರ್‌ನಲ್ಲೂ ಅದು ಇರಲಿಲ್ಲ. ಅಂದಿನಿಂದ ನಾನು ಪೋಸ್ಟರ್‌ನಲ್ಲಿ ಡೇಟಾಬೇಸ್‌ಗಳ ಹೆಸರು ಬರೆಯುವುದನ್ನೇ ಬಿಟ್ಟೆ. ‘ಹಣ ಕೇಳುವ ಪುಟ ಬಂತಾ? ಹೀಗೆ ಮಾಡಿ’ ಎಂದು ಬರೆದು, ಕೆಳಗೆ ಒಂದು ಕ್ಯೂಆರ್ ಕೋಡ್ ಹಾಕಿದರೆ ಸಾಕು.

ಇನ್ನು ಸಮಯದ ಮಾತು. ಓರಿಯೆಂಟೇಷನ್ ದಿನ ಹೊಸ ವಿದ್ಯಾರ್ಥಿಯ ತಲೆಯಲ್ಲಿ ಹಾಸ್ಟೆಲ್, ಫೀಸು, ಮೆಸ್ಸು ಇರುತ್ತದೆ. ಜರ್ನಲ್ ಇರುವುದಿಲ್ಲ. ಪ್ರಾಜೆಕ್ಟ್‌ಗೆ ವಿಷಯ ಆಯ್ಕೆ ಮಾಡುವ ವಾರ ಅವರ ಹತ್ತಿರ ಹೋಗಿ. ಪಿಎಚ್‌ಡಿಯವರಿಗಂತೂ ದಾರಿ ಸಿದ್ಧವಾಗಿಯೇ ಇದೆ. ಯುಜಿಸಿ 2019ರಲ್ಲಿ ಕೋರ್ಸ್‌ವರ್ಕ್‌ಗೆ ‘ರಿಸರ್ಚ್ ಅಂಡ್ ಪಬ್ಲಿಕೇಷನ್ ಎಥಿಕ್ಸ್’ ಎಂಬ ಎರಡು ಕ್ರೆಡಿಟ್‌ನ ಕೋರ್ಸ್ ಕಡ್ಡಾಯ ಮಾಡಿತು. ಅದರಲ್ಲಿ ಡೇಟಾಬೇಸ್‌ಗಳ ಬಗ್ಗೆಯೇ ಒಂದು ಘಟಕ ಇದೆ. ‘ಆ ಘಟಕ ನಾನು ಪಾಠ ಮಾಡುತ್ತೇನೆ ಸರ್’ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿ. ನನ್ನ ಅನುಭವದಲ್ಲಿ ಯಾರೂ ಬೇಡ ಅಂದಿಲ್ಲ. ಪ್ರಬಂಧ ಮುಗಿದ ಮೇಲೆ ಅದರಲ್ಲಿ ಬೇರೆಯವರ ಬರಹದ ನಕಲು ಇದೆಯಾ ಎಂದು ಪರೀಕ್ಷೆ ಮಾಡಿಸಲು ನಿಮ್ಮ ಹತ್ತಿರ ಬರುವವರನ್ನೇ ನೀವು ಎರಡು ವರ್ಷ ಮೊದಲು ಭೇಟಿ ಮಾಡಿದ ಹಾಗಾಗುತ್ತದೆ.

ಪ್ರಾಧ್ಯಾಪಕರಿಗೆ ಕಾರ್ಯಾಗಾರ ಬೇಡ. ಒಬ್ಬೊಬ್ಬರ ಕೋಣೆಗೇ ಹೋಗಿ, ಅರ್ಧ ಗಂಟೆ ಕೂರಿ. ಅವರು ಈಗ ಬರೆಯುತ್ತಿರುವುದಕ್ಕೆ ಬೇಕಾದ ಮೂರು ಲೇಖನ ತೆಗೆದುಕೊಡಿ. ಅವರ ಇಷ್ಟದ ಜರ್ನಲ್‌ನ ಹೊಸ ಸಂಚಿಕೆ ಬಂದಾಗ ಮೇಲ್ ಬರುವಂತೆ ಅಲರ್ಟ್ ಹಾಕಿಕೊಡಿ. ಅವರು ಕ್ಲಾಸ್‌ನಲ್ಲಿ ‘ಇದನ್ನು ಓದಿಕೊಂಡು ಬನ್ನಿ’ ಎಂದು ಒಂದು ಲಿಂಕ್ ಕೊಟ್ಟರೆ ಅದು ನಮ್ಮ ನೂರು ಮೇಲ್‌ಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಕನ್ನಡ, ಇತಿಹಾಸ ವಿಭಾಗದವರನ್ನು ಬಿಡಬೇಡಿ. ‘ಅದೆಲ್ಲ ಸೈನ್ಸ್‌ನವರಿಗೆ’ ಎಂದು ಅವರೇ ದೂರ ನಿಂತಿರುತ್ತಾರೆ. ಅವರಿಗೆ ಮೊದಲು ‘ಶೋಧಗಂಗಾ’ ವೆಬ್‌ಸೈಟ್ ತೋರಿಸಿ. ಕನ್ನಡದಲ್ಲೇ ಬರೆದ ಪಿಎಚ್‌ಡಿ ಪ್ರಬಂಧಗಳು ಅಲ್ಲಿವೆ, ಲಾಗಿನ್ನೂ ಬೇಡ. ಕನ್ನಡ ಅಕ್ಷರದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ಹುಡುಕಲು ಹೇಳಿಕೊಡಿ. ಪಾಠವನ್ನೂ ಕನ್ನಡದಲ್ಲೇ ಮಾಡಿ.

ಒಂದು ಎಚ್ಚರಿಕೆ: ಯಾರೋ ಒಬ್ಬರು ಒಂದೇ ಸಲ ನೂರಾರು ಪಿಡಿಎಫ್ ಇಳಿಸಿದರೆ ಪ್ರಕಾಶಕರು ಇಡೀ ಕ್ಯಾಂಪಸ್‌ಗೇ ತಡೆ ಹಾಕಬಹುದು. ಇದನ್ನು ಮೊದಲ ದಿನವೇ ಹೇಳಿಬಿಡಿ.

ಪ್ರಕಾಶಕರು ಕೊಡುವ ಬಳಕೆಯ ವರದಿಯಲ್ಲಿ ಸುಮ್ನೆ ಡೌನ್‌ಲೋಡ್ ಲೆಕ್ಕ ನೋಡಬೇಡಿ. ಪ್ರವೇಶ ಸಿಗದೆ ವಾಪಸ್ ಹೋದವರ ಲೆಕ್ಕವೂ ಅದರಲ್ಲಿ ಇರುತ್ತದೆ. ಯಾವ ಜರ್ನಲ್‌ನ ಬಾಗಿಲಲ್ಲಿ ಅವರು ನಿಂತಿದ್ದರು ಎಂದು ನೋಡಿ, ಆ ವಿಷಯದ ವಿಭಾಗಕ್ಕೆ ನಾಳೆಯೇ ಹೋಗಿ.