ಕಾವಲಿಗೆ ಕಚ್ಚುವ ದೋಸೆ, ಇಳಿಯದ ಡಿಕಾಕ್ಷನ್, ಚೌಕಾಬಾರದ ಜಗಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಬ್ಬಿಣದ ಹೊಸ ಕಾವಲಿ. ಮೊದಲ ವಾರ ದೋಸೆ ಸಲೀಸಾಗಿ ಎದ್ದವು. ಈಗ ಒಂದೂ ಏಳುತ್ತಿಲ್ಲ, ಮಧ್ಯದಲ್ಲೇ ಹರಿಯುತ್ತವೆ. ನಾನ್‌ಸ್ಟಿಕ್ ತರುವುದೇ ದಾರಿಯೇ?
– ಓದುಗರು, ಹಾಸನ

ಬೇಡ. ನಿಮ್ಮ ಕಾವಲಿ ಕೆಟ್ಟಿಲ್ಲ, ಅದರ ಮೇಲಿನ ಪದರ ಹೋಗಿದೆ ಅಷ್ಟೆ. ದೋಸೆ ಏಳುವುದು ಎಣ್ಣೆ ತೆಳ್ಳಗೆ ಸುಟ್ಟು ಸುಟ್ಟು ಕೂತ ಕಪ್ಪು ಪದರದ ಮೇಲೆ. ಬರೀ ಕಬ್ಬಿಣಕ್ಕೆ ಹಿಟ್ಟು ಕಚ್ಚಿಯೇ ಕಚ್ಚುತ್ತದೆ. ಅದೇ ಕಾವಲಿಯಲ್ಲಿ ಚಪಾತಿ ಬೇಯಿಸುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಚಪಾತಿಗೆ ಕಾವಲಿ ಒಣಗಿಯೇ ಜೋರಾಗಿ ಕಾಯುತ್ತದೆ, ಪದರ ಸುಟ್ಟುಹೋಗುತ್ತದೆ, ಉದುರಿದ ಒಣಹಿಟ್ಟು ಕರಿದು ಅಲ್ಲೇ ಅಂಟುತ್ತದೆ. ದೋಸೆಗೊಂದು, ಚಪಾತಿಗೊಂದು ಕಾವಲಿ ಇಡುವ ಹಳೆಯ ರೂಢಿಗೆ ಕಾರಣ ಇದೇ. ಟೊಮೆಟೊ, ಹುಣಸೆಹುಳಿ ಬಿದ್ದರೂ ಪದರ ಕಿತ್ತುಬರುತ್ತದೆ.

ಈಗ ಮತ್ತೆ ಪಳಗಿಸಿ. ಒಂದೇ ಒಂದು ಸಲ ಸೋಪು ಹಾಕಿ, ಸ್ಟೀಲ್ ನಾರಿನಿಂದ ಗಸಗಸ ಉಜ್ಜಿ ತೊಳೆಯಿರಿ. ಒಲೆಯ ಮೇಲೆ ಪೂರ್ತಿ ಒಣಗಿಸಿ. ಅರ್ಧ ಚಮಚ ಎಣ್ಣೆ ಹಾಕಿ, ಬಟ್ಟೆಯಿಂದ ಎಲ್ಲ ಕಡೆ ಸವರಿ. ಆಮೇಲೆ ಹಚ್ಚಿದ್ದೇ ತಪ್ಪಾಯಿತು ಎಂಬಂತೆ ಒಣಬಟ್ಟೆಯಿಂದ ಒರೆಸಿಬಿಡಿ. ಎಲ್ಲರೂ ಎಡವುವುದು ಈ ಹಂತದಲ್ಲಿ. ಎಣ್ಣೆ ದಪ್ಪಗೆ ಉಳಿದರೆ ಗಟ್ಟಿ ಪದರವಾಗದೆ ಅಂಟಂಟಾಗುತ್ತದೆ, ಮುಂದೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಹೊಗೆ ಕಾಣುವವರೆಗೆ ಕಾಯಿಸಿ, ಮತ್ತೆ 5 ನಿಮಿಷ ಬಿಟ್ಟು ಆರಿಸಿ, ತಣಿಯಲು ಬಿಡಿ. ಹೀಗೆ 4–5 ಸಲ ಮಾಡಿದರೆ ಬೂದುಬಣ್ಣ ಹೋಗಿ ಕಪ್ಪು ಹೊಳಪು ಬರುತ್ತದೆ.

ಹುಯ್ಯುವಾಗ ನೋಡಬೇಕಾದ್ದು ಕಾವು. ನಾಲ್ಕು ಹನಿ ನೀರು ಚಿಮುಕಿಸಿ. ಸುಮ್ಮನೆ ಕೂತು ಕುದಿದರೆ ಕಾವು ಸಾಲದು, ಗುಂಡಗಾಗಿ ಓಡಾಡಿದರೆ ಹೆಚ್ಚಾಯಿತು. ಚೊಂಯ್ ಎಂದು ತಕ್ಷಣ ಆರಿದರೆ ಸರಿ. ಉರಿ ತಗ್ಗಿಸಿ, ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜಿ, ಹಿಟ್ಟು ಹರಡಿ, ಆಮೇಲೆ ಉರಿ ಏರಿಸಿ. ಹಿಟ್ಟು ಸೌಟಿನ ಜೊತೆಗೇ ಸುತ್ತಿಕೊಂಡು ಬಂದರೆ ಕಾವಲಿ ತೀರಾ ಕಾದಿದೆ ಎಂದರ್ಥ. ಹಿಟ್ಟು ಹರಡದೆ ಜಾರಿಕೊಂಡು ಓಡಿದರೆ ಎಣ್ಣೆ ಹೆಚ್ಚಾಗಿದೆ. ಫ್ರಿಜ್‌ನಿಂದ ತೆಗೆದ ಹಿಟ್ಟನ್ನು ತಕ್ಷಣ ಹುಯ್ಯಬೇಡಿ: ತಣ್ಣನೆಯ ಹಿಟ್ಟು ಬಿದ್ದ ಜಾಗದಲ್ಲಿ ಕಾವು ಒಮ್ಮೆಲೇ ಇಳಿದು ಅಲ್ಲೇ ಕಚ್ಚುತ್ತದೆ. ಮುಕ್ಕಾಲು ಗಂಟೆ ಹೊರಗಿಟ್ಟರೆ ಸಾಕು.

ಕೆಲಸ ಮುಗಿದ ಮೇಲೆ ಸೋಪು ಬೇಡ. ಒರೆಸಿ, ಎಣ್ಣೆ ಸವರಿ ಎತ್ತಿಡಿ. ಬಿಸಿ ಕಾವಲಿಯನ್ನು ನಲ್ಲಿಯ ಕೆಳಗೆ ಹಿಡಿಯುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಕಾವಲಿ ಸೊಟ್ಟಗಾಗುತ್ತದೆ, ಆಮೇಲೆ ಎಣ್ಣೆಯೆಲ್ಲ ಒಂದೇ ಮೂಲೆಗೆ ಹೋಗಿ ನಿಲ್ಲುತ್ತದೆ.

ಕಾಫಿ ಫಿಲ್ಟರ್‌ನಲ್ಲಿ ಕೆಲವು ದಿನ ಡಿಕಾಕ್ಷನ್ ಇಳಿಯುವುದೇ ಇಲ್ಲ. ಇನ್ನು ಕೆಲವು ದಿನ ಐದೇ ನಿಮಿಷದಲ್ಲಿ ಇಳಿದು ನೀರುನೀರಾಗಿರುತ್ತದೆ. ಪುಡಿ ಅದೇ, ಫಿಲ್ಟರ್ ಅದೇ.
– ಓದುಗರು, ಮೈಸೂರು

ಪುಡಿ ಅದೇ ಇದ್ದರೂ ನೀವು ಅದನ್ನು ಒತ್ತುವ ಬಲ ದಿನಕ್ಕೊಂದು ಥರ ಇರುತ್ತದೆ. ಮೂರು ಲೋಟಕ್ಕೆ ಸುಮಾರು 25 ಗ್ರಾಂ ಪುಡಿ, 150 ಮಿಲಿ ನೀರು ಎಂದು ಅಳತೆ ಗಟ್ಟಿ ಮಾಡಿಕೊಳ್ಳಿ. ಸುರಿದಷ್ಟೂ ಇಳಿಯುವುದಿಲ್ಲ, ಪುಡಿ ಒಂದು ಪಾಲು ಹೀರಿಕೊಂಡು 100 ಮಿಲಿ ಸಿಕ್ಕರೆ ಲೆಕ್ಕ ಸರಿ. ಪುಡಿ ಹಾಕಿ ಪಕ್ಕಕ್ಕೆ ತಟ್ಟಿ ಸಮ ಮಾಡಿ, ಕೊಡೆಯಂಥ ಒತ್ತುವ ಬಿಲ್ಲೆಯನ್ನು ಹಗುರವಾಗಿ ಒಂದು ಸಲ ಒತ್ತಿ, ಅಲ್ಲೇ ಬಿಡಿ. ಬಿಲ್ಲೆ ಇಲ್ಲದೆ ನೀರು ಸುರಿದರೆ ನಡುವೆ ಗುಂಡಿ ಬೀಳುತ್ತದೆ. ನೀರು ಆ ಗುಂಡಿಯಲ್ಲೇ ದಾರಿ ಮಾಡಿಕೊಂಡು ಇಳಿದುಹೋಗುತ್ತದೆ, ಅಂಚಿನ ಪುಡಿ ನೆನೆಯುವುದೇ ಇಲ್ಲ. ನಿಮ್ಮ ನೀರು ಡಿಕಾಕ್ಷನ್‌ಗೆ ಕಾರಣ ಬಹುಪಾಲು ಇದೇ. ನೀರು ಕುದಿದು ಇಳಿಸಿದ ಅರ್ಧ ನಿಮಿಷದೊಳಗೆ, ಸುತ್ತ ತಿರುಗಿಸುತ್ತ ಸುರಿಯಿರಿ.

ಇಳಿಯದೆ ನಿಂತಾಗ ಮೇಲಿನ ಪಾತ್ರೆಯನ್ನು ಕೂದಲೆಳೆಯಷ್ಟು ಎತ್ತಿ ನೋಡಿ. ಎರಡು ಪಾತ್ರೆ ಬಿಗಿಯಾಗಿ ಕೂತರೆ ಕೆಳಗಿನ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಹನಿಯೂ ನಿಲ್ಲುತ್ತದೆ. ಎತ್ತಿದರೂ ಹನಿಯದಿದ್ದರೆ ತೂತು ಕಟ್ಟಿವೆ. ಸ್ಟೀಲ್ ಅಥವಾ ಹಿತ್ತಾಳೆ ಫಿಲ್ಟರ್ ಆದರೆ ಮೇಲಿನ ಪಾತ್ರೆಯ ತಳವನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಗೆ ಒಂದು ನಿಮಿಷ ತೋರಿಸಿ. ಸಿಕ್ಕಿಕೊಂಡ ಪುಡಿ ಸುಟ್ಟು ಬೂದಿಯಾಗುತ್ತದೆ, ತಣಿದ ಮೇಲೆ ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಉಜ್ಜಿದರೆ ಬೆಳಕಿಗೆ ಹಿಡಿದಾಗ ಪ್ರತಿ ತೂತೂ ಕಾಣಬೇಕು. ಚಿಕೋರಿ ಹೆಚ್ಚಿದ್ದಷ್ಟೂ ಇಳಿಯುವುದು ನಿಧಾನ. ಪ್ರಮಾಣ ಪೊಟ್ಟಣದ ಮೇಲೆ ಅಚ್ಚಾಗಿರುತ್ತದೆ. ಡಿಕಾಕ್ಷನ್ ಆರಿದ್ದರೆ ಒಲೆಯ ಮೇಲೆ ಕುದಿಸಬೇಡಿ, ಕಹಿ ಬರುತ್ತದೆ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಬಿಸಿ ಮಾಡಿ.

ಕುಂಡದ ಕರಿಬೇವು ಒಂದೇ ಕಡ್ಡಿಯಾಗಿ ಉದ್ದಕ್ಕೆ ಹೋಗುತ್ತಿದೆ. ಎಲೆ ಹಳದಿ.
– ಓದುಗರು, ಬೆಂಗಳೂರು

ಒಗ್ಗರಣೆಗೆ ಬಿಡಿ ಎಲೆ ಕೀಳುವುದನ್ನು ಬಿಟ್ಟು ತುದಿಯನ್ನೇ ಚಿವುಟಿ. ಚಿವುಟಿದ ಕೆಳಗೆ ಎರಡು ಮೂರು ಕವಲು ಒಡೆಯುತ್ತವೆ. ಹಳದಿ ಎಲೆಯಲ್ಲಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣಾಂಶ ಸಿಗುತ್ತಿಲ್ಲ. ಬೋರ್‌ವೆಲ್‌ನ ಗಡಸು ನೀರಿನಿಂದ ಮಣ್ಣು ಕ್ಷಾರವಾದಾಗ ಹೀಗಾಗುತ್ತದೆ. ಹುಳಿಮಜ್ಜಿಗೆ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ 15 ದಿನಕ್ಕೊಮ್ಮೆ ಬುಡಕ್ಕೆ ಹಾಕಿ. ಮೇಲ್ಮಣ್ಣು ಒಣಗದೆ ನೀರು ಹಾಕಬೇಡಿ. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಕಂಡರೆ ಹತ್ತಿರದಿಂದ ನೋಡಿ, ಚಿಟ್ಟೆಯ ಮರಿಹುಳ ಇರಬಹುದು. ಗಿಡ ಸಣ್ಣದಿದ್ದರೆ ಎರಡೇ ದಿನದಲ್ಲಿ ಬೋಳು ಮಾಡುತ್ತದೆ. ಎಲೆ ಸಮೇತ ತೆಗೆದು ನಿಂಬೆ ಗಿಡಕ್ಕೆ ಬಿಡಿ.

ರಜೆಯಲ್ಲಿ ಮಕ್ಕಳಿಗೆ ಚೌಕಾಬಾರ ಕಲಿಸಬೇಕು. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ನಿಯಮ ಹೇಳುತ್ತಾರೆ. ಕವಡೆಯೂ ಇಲ್ಲ.
– ಓದುಗರು, ತುಮಕೂರು

ಕವಡೆ ಬೇಡ, ನಾಲ್ಕು ಹುಣಸೆ ಬೀಜ ಸಾಕು. ಒಂದೇ ಗಾತ್ರದವನ್ನು ಆರಿಸಿ, ಒರಟು ಕಲ್ಲಿನ ಮೇಲೆ ಒಂದು ಹನಿ ನೀರು ಹಾಕಿ, ಒಂದು ಮಗ್ಗುಲಿನ ಸಿಪ್ಪೆ ಹೋಗಿ ಬಿಳಿ ಕಾಣುವವರೆಗೆ ಉಜ್ಜಿ. ಅತಿಯಾಗಿ ಉಜ್ಜಿದರೆ ಬೀಜ ಅರ್ಧ ಹೋಳಾಗಿ ಸದಾ ಒಂದೇ ಮಗ್ಗುಲಿಗೆ ಬೀಳುತ್ತದೆ. ಒಂದೊಂದನ್ನೂ 20 ಸಲ ಹಾಕಿ ಪರೀಕ್ಷಿಸಿ: ಬಿಳಿ ಮೇಲೆ ಬಿದ್ದದ್ದು 8ರಿಂದ 12 ಸಲ ಇದ್ದರೆ ಬೀಜ ಆಟಕ್ಕೆ ಬರುತ್ತದೆ.

ಸೀಮೆಸುಣ್ಣದಲ್ಲಿ ಐದಕ್ಕೆ ಐದು, 25 ಮನೆ ಬರೆಯಿರಿ. ನಾಲ್ಕೂ ಬದಿಯ ನಡುಮನೆಗೆ ಮತ್ತು ನಟ್ಟನಡುವಿನ ಮನೆಗೆ ಅಡ್ಡಗೆರೆ ಎಳೆದರೆ ಕಟ್ಟೆಮನೆ. ಅಲ್ಲಿ ಕೂತ ಕಾಯಿಯನ್ನು ಹೊಡೆಯುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ: ಬಳೆಚೂರು, ಹುರುಳಿ, ಗುಂಡಿ, ಏನಾದರೂ ಸರಿ. ಎಷ್ಟು ಬಿಳಿಯೋ ಅಷ್ಟು ಮನೆ, ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಕಪ್ಪು ಬಿದ್ದರೆ ಬಾರಾ, ಅಂದರೆ 8. ಇವೆರಡಕ್ಕೂ, ಎದುರಾಳಿಯ ಕಾಯಿ ಹೊಡೆದಾಗಲೂ ಇನ್ನೊಂದು ಆಟ. ಹೊಡೆತ ತಿಂದ ಕಾಯಿ ತನ್ನ ಕಟ್ಟೆಯಿಂದ ಮತ್ತೆ ಹೊರಡಬೇಕು.

ದಾರಿ ತಪ್ಪುವುದು ಒಳಸುತ್ತಿನಲ್ಲಿ. ತನ್ನ ಕಟ್ಟೆಯಿಂದ ಬಲಕ್ಕೆ ಹೊರಟು ಹೊರಸುತ್ತಿನ 15 ಮನೆ ದಾಟಿ, ತನ್ನ ಕಟ್ಟೆಯ ಎಡಗಡೆಯ ಮನೆಗೆ ಬಂದ ಮೇಲೆ ಒಳಗೆ ಇಳಿಯಬೇಕು. ಅಲ್ಲಿಂದ ತಿರುವುಮುರುವಾಗಿ, ಅಂದರೆ ಗಡಿಯಾರದ ಮುಳ್ಳಿನಂತೆ, 8 ಮನೆ ಸುತ್ತಿ ನಡುಮನೆಗೆ ಒಂದು ಹೆಜ್ಜೆ. ಒಟ್ಟು 24. ಮಕ್ಕಳಿಗೆ ಮೊದಲ ದಿನ ಬಾಣದ ಗುರುತು ಬರೆದುಕೊಡಿ.

ನಿಯಮದ ಜಗಳಕ್ಕೆ ಮದ್ದು ಒಂದೇ, ಬೀಜ ಹಾಕುವ ಮೊದಲೇ ಮೂರು ವಿಷಯ ತೀರ್ಮಾನಿಸುವುದು. ಒಂದು, ಎದುರಾಳಿಯ ಒಂದು ಕಾಯಾದರೂ ಹೊಡೆಯದೆ ಒಳಸುತ್ತಿಗೆ ಹೋಗಬಹುದೇ? ಹೋಗಬಾರದು ಎಂಬುದೇ ಆಟದ ಸ್ವಾರಸ್ಯ, ಅದನ್ನು ಉಳಿಸಿಕೊಳ್ಳಿ. ಎರಡು, ಕಾಯಿ ಹೊರಡಲು ಚೌಕವೋ ಬಾರವೋ ಬೀಳಲೇಬೇಕೇ? ನಾಲ್ಕು ಬೀಜ ಬೀಳುವ 16 ಬಗೆಯಲ್ಲಿ ಇವೆರಡಕ್ಕೆ ಸಿಗುವುದು ಎರಡು ಮಾತ್ರ, ಎಂದರೆ ಸರಾಸರಿ ಎಂಟು ಸಲಕ್ಕೊಮ್ಮೆ. ಆರೇಳು ವರ್ಷದ ಮಕ್ಕಳು ಅಷ್ಟು ಹೊತ್ತು ಕಾಯಲಾರರು, ಅವರ ಮೊದಲ ಕಾಯಿಯನ್ನು ಯಾವ ಸಂಖ್ಯೆ ಬಿದ್ದರೂ ಹೊರಡಿಸಿ. ಮೂರು, ಕಾಯಿ ಹಣ್ಣಾಗಲು, ಅಂದರೆ ನಡುಮನೆ ಸೇರಲು, ಸರಿಯಾದ ಸಂಖ್ಯೆಯೇ ಬೀಳಬೇಕೇ? ಬೀಳಲೇಬೇಕು ಎಂದಿಟ್ಟುಕೊಳ್ಳಿ. ಹಾಗಿದ್ದಾಗ ಕಾಯನ್ನು ನಡುಮನೆಗೆ ಒಂದೇ ಹೆಜ್ಜೆ ದೂರಕ್ಕೆ ತಂದಿಡುವುದಕ್ಕಿಂತ ಎರಡು ಹೆಜ್ಜೆ ದೂರದಲ್ಲಿ ನಿಲ್ಲಿಸುವುದು ಜಾಣತನ: ಒಂದು ಬೀಳುವುದು 16ರಲ್ಲಿ ನಾಲ್ಕು ಸಲ, ಎರಡು ಬೀಳುವುದು ಆರು ಸಲ.