ಮಳೆಗಾಲದಲ್ಲಿ ಸಿಗಾರ್ ಯಾಕೆ ಆರಿಹೋಗುತ್ತದೆ?

ಪ್ರಶ್ನೆ: ದುಬೈನಲ್ಲಿರುವ ನಮ್ಮ ಭಾವ ರಜೆಗೆ ಬಂದಾಗ ಕ್ಯೂಬಾ ಸಿಗಾರ್ ಕೊಟ್ಟು ಹೋದರು. ಗಾಳಿಯಾಡದ ಡಬ್ಬದಲ್ಲಿ 72ರ ತೇವಾಂಶದ ಪ್ಯಾಕ್ (ಡಬ್ಬದೊಳಗಿನ ಗಾಳಿಯ ತೇವಾಂಶವನ್ನು 72 ಶೇಕಡಾದಲ್ಲಿ ಹಿಡಿದಿಡುವ ಪೊಟ್ಟಣ) ಹಾಕಿ ಜೋಪಾನ ಮಾಡಿದ್ದೇನೆ. ಆದರೂ ಹಚ್ಚಿದರೆ ಒಂದೇ ಪಕ್ಕ ಉರಿಯುತ್ತದೆ, ಎಳೆದರೆ ಹೊಗೆ ಬರುವುದಿಲ್ಲ, ಅರ್ಧಕ್ಕೇ ಆರುತ್ತದೆ. ಸೇದುವ ಮುಂಚೆ ಮರದ ಪೆಟ್ಟಿಗೆಯಲ್ಲಿ ಒಂದು ದಿನ ಇಡಿ ಅಂದರು, ಇಟ್ಟೆ, ಇನ್ನೂ ಕೆಟ್ಟಿತು. ಮಾಲು ನಕಲಿಯಾ ಸಾರ್?
– ಓದುಗರು, ದಾವಣಗೆರೆ

ಉತ್ತರ: ನಕಲಿ ಅಂತ ಈಗಲೇ ಭಾವನ ಮೇಲೆ ಹಾಕಬೇಡಿ. ನಿಮ್ಮ ಸಿಗಾರ್ ತೇವ ಕುಡಿದು ಕೂತಿದೆ, ಅಷ್ಟೇ. ಒಳಗಿನ ಎಲೆ ಉಬ್ಬಿದರೆ ಗಾಳಿ ಹೋಗುವ ದಾರಿ ಬಿಗಿಯುತ್ತದೆ, ಬೆಂಕಿ ಒಂದೇ ಸಮ ಇಳಿಯುವುದಿಲ್ಲ, ನೀವು ಮತ್ತೆ ಮತ್ತೆ ಹಚ್ಚಿ ಜೋರಾಗಿ ಎಳೆದಷ್ಟೂ ಬಾಯೆಲ್ಲ ಕಹಿ. ಸಾಮಾನ್ಯವಾಗಿ 65ರಿಂದ 70 ಶೇಕಡಾ ತೇವಾಂಶದಲ್ಲಿ ಇಡುತ್ತಾರೆ. ಕ್ಯೂಬಾದವನ್ನು 62-65ರಲ್ಲಿ ಸೇದಿದರೇ ಚೆನ್ನ ಅನ್ನುವವರು ಬಹಳ.

ಮರದ ಪೆಟ್ಟಿಗೆಯ ಉಪಾಯ ಸುಳ್ಳಲ್ಲ, ಆದರೆ ಅದು ನಡೆಯುವುದು ಕೋಣೆಯ ಗಾಳಿ ಸಿಗಾರ್‌ಗಿಂತ ಒಣಗಿದ್ದಾಗ. ಮಾರ್ಚ್-ಏಪ್ರಿಲ್‌ನಲ್ಲಿ ನಮ್ಮೂರಲ್ಲಿ ಅರ್ಧ ದಿನ ಸಾಕು, ಜಾಸ್ತಿ ಬಿಟ್ಟರೆ ಎಲೆ ಸೀಳುತ್ತದೆ. ಜಡಿಮಳೆಯಲ್ಲಿ ತಟ್ಟೆಯಲ್ಲಿ ಬಿಟ್ಟ ಮಂಡಕ್ಕಿಯ ಗತಿ ಗೊತ್ತಲ್ವಾ, ಆಗ ಪೆಟ್ಟಿಗೆಯಲ್ಲಿಟ್ಟ ಸಿಗಾರೂ ಅಷ್ಟೇ. ಈಗ 72ರ ಪ್ಯಾಕ್ ತೆಗೆದು ಅದೇ ಡಬ್ಬಕ್ಕೆ 62ರದ್ದು ಹಾಕಿ, ಎರಡು ವಾರ ಮುಟ್ಟಬೇಡಿ. ಆಮೇಲೆ ಹೆಬ್ಬೆರಳು-ತೋರುಬೆರಳ ನಡುವೆ ಮೆಲ್ಲಗೆ ಒತ್ತಿ ನೋಡಿ: ಸ್ವಲ್ಪ ತಗ್ಗಿ ಮತ್ತೆ ಎದ್ದರೆ ಸರಿ, ಸ್ಪಂಜಿನ ಹಾಗೆ ತಗ್ಗಿದರೆ ಇನ್ನೂ ಹಸಿ, ಚರಚರ ಅಂದರೆ ಒಣಗಿದೆ. ಬಿಸಿಲು, ಫ್ಯಾನು, ಒಲೆ ಪಕ್ಕ ಯಾವುದೂ ಬೇಡ.

ತೇವಾಂಶ ಅಳೆಯುವ ಮೀಟರ್ ಇದ್ದರೆ ಮೊದಲು ಅದನ್ನೇ ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗದ ಹಾಗೆ ನಾಲ್ಕು ಹನಿ ನೀರು ಬಿಟ್ಟು, ಮೀಟರ್ ಜೊತೆ ಜಿಪ್ ಕವರಿನಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ 75 ತೋರಿಸಬೇಕು. 70 ತೋರಿಸಿದರೆ ಮುಂದೆ ಐದು ಸೇರಿಸಿ ಓದಿ. (ಹೊಗೆ ನುಂಗಲ್ಲ ಅಂದರೂ ಬಾಯಿ, ಗಂಟಲ ಕ್ಯಾನ್ಸರಿನ ಅಪಾಯ ಇದ್ದೇ ಇದೆ. ಸಿಗಾರ್ ಸರಿಯಾಗಿ ಉರಿದರೂ ಅದು ಕಡಿಮೆಯಾಗಲ್ಲ.)

ಪ್ರಶ್ನೆ: ಕಪಾಟಿನಲ್ಲಿ ಮರೆತ ಸಿಗಾರ್ ಒಣಗಿ ಗರಿಗರಿ ಆಗಿದೆ. ಒದ್ದೆ ಬಟ್ಟೆ ಸುತ್ತಿಡಬಹುದಾ?
– ಓದುಗರು, ಚಿತ್ರದುರ್ಗ

ಉತ್ತರ: ಬೇಡ, ಬೂಸ್ಟು ಹಿಡಿಯುತ್ತದೆ. ಬೇಗ ತೇವ ಕೊಟ್ಟರೆ ಒಳಗಿನದು ಉಬ್ಬಿ ಹೊರ ಎಲೆ ಬಿರಿಯುತ್ತದೆ. ಡಬ್ಬದಲ್ಲಿ 62ರ ಪ್ಯಾಕ್ ಜೊತೆ ಎರಡು ವಾರ, ಆಮೇಲೆ 65ರದ್ದು ಇನ್ನೆರಡು ವಾರ. ಮೆತ್ತಗಾಗುತ್ತದೆ, ಆದರೆ ಎಣ್ಣೆಯ ಅಂಶ ಹಾರಿಹೋಗಿದ್ದರೆ ಹಳೇ ರುಚಿ ವಾಪಸ್ ಬರಲ್ಲ.